ಹಕ್ಕಿ ಪಾಲಿನ ಕಾಳು

ಹಕ್ಕಿಗೆ ಕಾಳು ಹಾಕಿದರೆ ಮನಸ್ಸಿಗೆ ಶಾಂತಿ ಸಿಗುತ್ತದೆ ಅಂತ ಯಾರು ಹೇಳಿದರೋ, ಅವರನ್ನು ಒಂದು ಸಲ ಮಧುಗಿರಿಯ ನಮ್ಮ ಮನೆ ತಾರಸಿಗೆ ಹತ್ತಿಸಿ ನಿಲ್ಲಿಸಬೇಕು. ನಾನು ಮೂವತ್ತಮೂರು ವರ್ಷ ಪ್ರೈಮರಿ ಶಾಲೆಯಲ್ಲಿ ಕೂಗಿದವಳು. ರಿಟೈರ್ ಆದ ಮೇಲೂ ನನ್ನ ಗಂಟಲು ಇಳಿಯಲಿಲ್ಲ, ಕೋಪವೂ ಇಳಿಯಲಿಲ್ಲ. ಜೊತೆಯ ಟೀಚರುಗಳು ಭಜನೆ, ಯೋಗ ಅಂತ ಹೋದರು. ನಾನು ಒಂದು ವಾರ ಭಜನೆಗೆ ಹೋಗಿ, ಶ್ರುತಿ ತಪ್ಪಿ ಹಾಡುವವರನ್ನು ಗದರಿಸಿ ವಾಪಸು ಬಂದೆ. ಆಮೇಲೆ ನಮ್ಮ ಯಜಮಾನರೇ, "ಮೇಲೆ ಹೋಗಿ ಗುಬ್ಬಿಗೆ ನಾಲ್ಕು ಕಾಳು ಹಾಕು, ನನ್ನ ತಲೆಗಾದ್ರೂ ನೆಮ್ಮದಿ" ಅಂದರು. ಹಾಗೆ ಶುರುವಾದದ್ದು ಇದು.

ಕಾಳು ಹಾಕುವ ಮೊದಲನೆಯ ಗೂಡನ್ನು ಮೊಬೈಲಿನಲ್ಲಿ ನೋಡಿ ತರಿಸಿದೆ. ಕೊರಿಯರ್‌ನಲ್ಲಿ ಬಂತು. ಒಂದು ಪ್ಲಾಸ್ಟಿಕ್ ಕೊಳವೆ, ಕೆಳಗೆ ನಾಲ್ಕು ತೂತು, ತೂತಿಗೊಂದು ಬೆರಳುದ್ದದ ಕಡ್ಡಿ. ಡಬ್ಬದ ಮೇಲೆ ಹಳದಿ ಬಣ್ಣದ ಒಂದು ಹಕ್ಕಿಯ ಚಿತ್ರ. ಅಂಥ ಹಕ್ಕಿಯನ್ನು ನಾನು ಹುಟ್ಟಿದ ಲಾಗಾಯ್ತು ನಮ್ಮ ಸೀಮೆಯಲ್ಲಿ ನೋಡಿಲ್ಲ. ಜೊತೆಗೆ ಬಂದ ಪೊಟ್ಟಣದಲ್ಲಿ ಸೂರ್ಯಕಾಂತಿ ಬೀಜ. ನಮ್ಮ ಗುಬ್ಬಿಗಳು ಅದನ್ನು ಕೊಕ್ಕಿನಲ್ಲಿ ಒಂದು ಸಲ ಹಿಡಿದು, ಥೂ ಎಂದು ಕೆಳಗೆ ಬಿಸಾಕಿದವು. ಬೆಳವಗಳಿಗಂತೂ ಆ ಕಡ್ಡಿಯ ಮೇಲೆ ಕೂರುವುದಕ್ಕೇ ಆಗಲಿಲ್ಲ. ದಪ್ಪ ಮೈಯ ಪಾಪದ ಹಕ್ಕಿ, ಕೂತರೆ ಜಾರುತ್ತದೆ, ರೆಕ್ಕೆ ಬಡಿದು ಮತ್ತೆ ಕೂರುತ್ತದೆ, ಮತ್ತೆ ಜಾರುತ್ತದೆ. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯಿತು. ಇದನ್ನು ಮಾಡಿದವನು ಒಂದು ದಿನವಾದರೂ ಒಂದು ಬೆಳವವನ್ನು ಕಣ್ಣಲ್ಲಿ ಕಂಡಿದ್ದಾನಾ?

ಸೂರ್ಯಕಾಂತಿ ತೆಗೆದು ನವಣೆ ತುಂಬಿದೆ. ಗುಬ್ಬಿಗಳೂ, ಅವಕ್ಕಿಂತ ಸಣ್ಣ ರಾಟವಾಳಗಳೂ ಬಂದವು. ಆದರೆ ಮೊದಲ ಮಳೆಗೇ ಕೊಳವೆಯ ತಳದಲ್ಲಿ ನೀರು ನಿಂತು ನವಣೆ ಮೊಳೆತು, ಬೂಷ್ಟು ಹಿಡಿದು, ಹುಳಿ ವಾಸನೆ ಬಂತು. ಕೈ ಹಾಕಿ ತೊಳೆಯೋಣ ಅಂದರೆ ಕೈ ಹೋಗುವುದಿಲ್ಲ. ಮಾರನೆಯ ವರ್ಷದ ಬೇಸಿಗೆಗೆ ಪ್ಲಾಸ್ಟಿಕ್ಕು ಹಪ್ಪಳದ ಹಾಗೆ ಪಟಪಟ ಒಡೆಯಿತು. ಆಮೇಲೆ ಮಣ್ಣಿನ ಅಗಲ ತಟ್ಟೆಯನ್ನು ಕಟ್ಟೆ ಮೇಲಿಟ್ಟೆ. ಅದು ಕಾಗೆಗಳ ಪಾಲಾಯಿತು. ಕಾಗೆ ಬಿಟ್ಟರೆ ಅಳಿಲು, ಅಳಿಲು ಬಿಟ್ಟರೆ ಬೆಕ್ಕು. ಒಂದು ಬೆಳಿಗ್ಗೆ ತಟ್ಟೆಯ ಪಕ್ಕದಲ್ಲಿ ಬರೀ ಪುಕ್ಕ ಬಿದ್ದಿದ್ದವು. ಆವತ್ತು ನಾನು ತಿಂಡಿ ತಿನ್ನಲಿಲ್ಲ.

ಮೂರನೆಯ ಗೂಡು ಸಿಕ್ಕಿದ್ದು ಶಿರಾದಲ್ಲಿ. ನೆಂಟರ ಮದುವೆಗೆಂದು ಹೋದವಳು ಊಟ ಮುಗಿಸಿ ಹಳೆಯ ಮಸೀದಿ ಕಡೆಯ ಬೀದಿಯಲ್ಲಿ ನಡೆಯುತ್ತಿದ್ದಾಗ ತಗಡು ಬಡಿಯುವ ಸದ್ದು ಕೇಳಿ ನಿಂತೆ. ಬಿಳಿ ಗಡ್ಡದ ಮುದುಕರೊಬ್ಬರು ಎಣ್ಣೆ ಡಬ್ಬ ಕತ್ತರಿಸಿ ಮೊರ ಮಾಡುತ್ತಿದ್ದರು. ಹಕ್ಕಿಗೆ ಕಾಳು ಹಾಕುವ ಗೂಡು ಮಾಡಿಕೊಡುತ್ತೀರಾ ಅಂತ ಕೇಳಿದೆ. ಅವರು ಸುತ್ತಿಗೆ ಕೆಳಗಿಟ್ಟು, "ಯಾವ ಹಕ್ಕಿಗೆ ಅಮ್ಮಾ?" ಅಂದರು. ಅಷ್ಟು ದಿನಕ್ಕೆ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು.

"ಬೆಳವ, ಗುಬ್ಬಿ" ಅಂದೆ.

"ಬೆಳವಕ್ಕೆ ಕೂರೋಕೆ ಜಾಗ ಬೇಕು, ಗುಬ್ಬೀಗೆ ಓಡಿ ಹೋಗೋಕೆ ದಾರಿ ಬೇಕು. ಅಂಚು ಮಡಿಸಿ ಕೊಡ್ತೀನಿ, ಕಾಲು ಕುಯ್ಯಲ್ಲ. ಫಿಕರ್ ಮಾಡಬೇಡಿ."

ಸಂಜೆ ಬಸ್ಸಿನ ಹೊತ್ತಿಗೆ ಗೂಡು ಸಿದ್ಧವಾಗಿತ್ತು. ಮೇಲೆ ಇಳಿಜಾರು ಮಾಡು, ನಡುವೆ ಕಾಳು ತುಂಬುವ ಡಬ್ಬ, ಸುತ್ತ ನಾಲ್ಕು ಬೆರಳು ಅಗಲದ ತಟ್ಟೆ, ನೀರು ಇಳಿಯಲು ತಟ್ಟೆಯಲ್ಲಿ ಸಣ್ಣ ತೂತುಗಳು. ಮುಚ್ಚಳ ತೆಗೆದರೆ ಕೈ ಪೂರ್ತಿ ಒಳಗೆ ಹೋಗುತ್ತದೆ. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಧುಗಿರಿಗೆ ಬಂದೆ. ಬೆಕ್ಕು ನೆಗೆಯದ ಹಾಗೆ ಕಬ್ಬಿಣದ ಕೊಕ್ಕೆಗೆ ನೇತು ಹಾಕಿ, ಕೆಳಗೆ ಜಾಲಿ ಮುಳ್ಳು ಸುತ್ತಿದೆ. ವಾರಕ್ಕೊಮ್ಮೆ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸುತ್ತಿದ್ದೆ. ನವಣೆ, ಸಜ್ಜೆ, ನುಚ್ಚಕ್ಕಿ, ಕುಟ್ಟಿದ ಕಡ್ಲೆಕಾಯಿ ಬೀಜ. ಬೆಳಿಗ್ಗೆ ಏಳಕ್ಕೆ ಏಕಶಿಲೆ ಬೆಟ್ಟದ ಮೇಲೆ ಬಿಸಿಲು ಬೀಳುವ ಹೊತ್ತಿಗೆ ತಟ್ಟೆಯ ಸುತ್ತ ಬೆಳವಗಳು ಸಾಲಾಗಿ ಕೂತಿರುತ್ತಿದ್ದವು, ಬೆಲ್ ಹೊಡೆಯುವ ಮುಂಚೆಯೇ ಬಂದು ಕೂತ ಮಕ್ಕಳ ಹಾಗೆ. ನಿಜ ಹೇಳುತ್ತೇನೆ, ಆಗ ನನಗೆ ಯಾರ ಮೇಲೂ ಕೋಪವಿರುತ್ತಿರಲಿಲ್ಲ.

ಕೋಪ ಶುರುವಾದದ್ದು ಪಕ್ಕದ ತಾರಸಿಯಿಂದ.

ನಮ್ಮ ತಾರಸಿಗೂ ಪಕ್ಕದ ಮನೆಯ ತಾರಸಿಗೂ ನಡುವೆ ಸೊಂಟದೆತ್ತರದ ಒಂದು ಗೋಡೆ ಅಷ್ಟೆ. ಆ ಮನೆಯವಳು ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಅಕ್ಕಿ ಹಪ್ಪಳ, ರಾಗಿ ಸಂಡಿಗೆ ಮಾಡಿ ಮಾರುತ್ತಾಳೆ. ಅವಳ ಗಂಡನಿಗೆ ಬೆನ್ನು ಹಿಡಿದು ಲಾರಿ ಕೆಲಸ ಬಿಟ್ಟ ಮೇಲೆ ಮನೆ ನಡೆಯುತ್ತಿದ್ದದ್ದು, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದದ್ದು ಆ ಹಪ್ಪಳದ ಮೇಲೆಯೇ. ಮಧುಗಿರಿಯ ಮದುವೆ ಮನೆಗಳಿಗೆ, ಕೊರಟಗೆರೆಯ ಹೋಟೆಲುಗಳಿಗೆ ಅವಳ ಹಪ್ಪಳ ಹೋಗುತ್ತಿತ್ತು. ಒಳ್ಳೆಯ ಕೈ. ಅವಳ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವಳು ನಾನು. ಪ್ರತಿ ಸಲ ಹೊಸ ಹಪ್ಪಳ ಕರಿದರೆ ಮೊದಲ ತಟ್ಟೆ ಗೋಡೆ ದಾಟಿ ನಮ್ಮ ಮನೆಗೆ ಬರುತ್ತಿತ್ತು.

ಆದರೆ ನನ್ನ ಬೆಳವಗಳು ಹೊಟ್ಟೆ ತುಂಬಾ ತಿಂದು ಹೋಗಿ ಕೂರುತ್ತಿದ್ದದ್ದು ಅವಳ ಬಟ್ಟೆ ತಂತಿಯ ಮೇಲೆ. ತಂತಿಯ ಕೆಳಗೆ ಪ್ಲಾಸ್ಟಿಕ್ ಹಾಳೆ. ಹಾಳೆಯ ಮೇಲೆ ಹಪ್ಪಳ. ಏನಾಗುತ್ತಿತ್ತು ಅಂತ ಹೇಳಬೇಕಾಗಿಲ್ಲ.

ಮೊದಲ ಸಲ ಅವಳು ನಗುನಗುತ್ತಲೇ ಹೇಳಿದಳು. ಎರಡನೆಯ ಸಲ ನಗಲಿಲ್ಲ. ಗೂಡನ್ನು ಆ ಕಡೆಯ ಮೂಲೆಗೆ ಕಟ್ಟಿಕೊಳ್ಳಿ ಅಂದಳು. ಆ ಮೂಲೆಯಲ್ಲಿ ನೀರಿನ ಟ್ಯಾಂಕಿದೆ, ಟ್ಯಾಂಕಿನ ಮೇಲೆ ಬೆಕ್ಕು ಮಲಗುತ್ತದೆ, ಆಗುವುದಿಲ್ಲ ಅಂದೆ. ನೀನೇ ತಂತಿ ಬಿಚ್ಚಿಕೊ ಅಂತಲೂ ಅಂದೆ. ಮೂರನೆಯ ಸಲ, ಆಷಾಢದ ಒಂದು ಬೆಳಿಗ್ಗೆ, ಇಡೀ ಒಂದು ಹಾಳೆ ಹಪ್ಪಳ ಹಾಳಾಗಿತ್ತು. ಅವಳು ಗೋಡೆಯ ಆಚೆ ನಿಂತು ಕೈ ಕುಟ್ಟಿದಳು.

"ನಿಮ್ಗೆ ಪೆನ್ಶನ್ ಬತ್ತದೆ ಟೀಚರೇ, ಹಕ್ಕಿ ಸಾಕ್ಕಂಡು ಕುಂತ್ಕತ್ತೀರ. ನಾನು ಹೆಂಗೆ ಬದುಕ್ಲಿ? ಇನ್ನೊಂದ್ ದಿನ ಇಂಗೇ ಆದ್ರೆ ಏನಾದ್ರೂ ಹಾಕಿ ಸಾಯ್ಸಿಬುಡ್ತೀನಿ ನೋಡ್ಕಳಿ, ಆಮ್ಯಾಕೆ ನನ್ನ ಕೇಳ್ಬ್ಯಾಡಿ!"

"ಸಾಯಿಸು ನೋಡೋಣ!" ಅಂದೆ. ಪೆನ್ಶನ್ ಮಾತು ನನ್ನ ಎದೆಗೇ ಚುಚ್ಚಿತ್ತು. "ನಿನ್ನ ಕೈಯಿಂದ ಒಂದು ಹಕ್ಕಿ ಸತ್ತರೂ ನಿನ್ನ ಬೀದಿಗೆ ಎಳೀತೀನಿ."

ಬೀದಿಗೆ ಎಳೆದೆ ಕೂಡ. ಅದನ್ನೇ ಈಗ ಬರೆಯಬೇಕಾಗಿರುವುದು.

ಅದರ ಮಾರನೆಯ ದಿನ ಕೊಡಿಗೇನಹಳ್ಳಿ ಹತ್ತಿರದ ನಮ್ಮ ತವರಲ್ಲಿ ಕಡ್ಲೆಕಾಯಿ ಬಿತ್ತನೆ. ಹೊಲ ತಮ್ಮ ನೋಡಿಕೊಳ್ಳುತ್ತಾನೆ. ಬಿತ್ತನೆ ಮುಗಿಯುವ ದಿನ ನಾನು ಹೋಗಲೇಬೇಕು, ಅದು ನಮ್ಮ ಮನೆಯ ರೂಢಿ. ಬಿತ್ತನೆಗೆ ಅಂತ ಸುಲಿದ ಕಾಳು ಮಿಕ್ಕರೆ ಅದನ್ನು ಮತ್ತೆ ಮಡಕೆಗೆ ಸುರಿಯುವ ಹಾಗಿಲ್ಲ, ಹುರಿದು ತಿನ್ನುವ ಹಾಗಿಲ್ಲ, ಮಾರುವ ಹಾಗಂತೂ ಇಲ್ಲವೇ ಇಲ್ಲ. ಅದು ಹಕ್ಕಿ ಪಾಲು. ಮನೆಯ ಹಿರಿ ಮಗಳ ಮಡಿಲಿಗೆ ಅದನ್ನು ಹಾಕುತ್ತಾರೆ, ಅವಳು ಹಕ್ಕಿಗೆ ಹಾಕಬೇಕು. ನಾನು ಲಂಗ ಉಡುವ ಕಾಲದಿಂದ ಆ ಕಾಳನ್ನು ಮಡಿಲಲ್ಲಿ ಹೊತ್ತಿದ್ದೇನೆ. ಆಗ ಅವ್ವ ಬಿತ್ತನೆ ಕಾಳಿಗೆ ಬೂದಿ ಸವರುತ್ತಿದ್ದಳು, ನನ್ನ ಲಂಗವೆಲ್ಲ ಬೂದಿ. ಬೇಲಿಯ ಕಲ್ಲಿನ ಮೇಲೆ ಕಾಳು ಸುರಿದು ಹಿಂತಿರುಗಿ ನೋಡದೆ ಬರಬೇಕು, ನೋಡಿದರೆ ಹಕ್ಕಿ ನಾಚಿಕೊಳ್ಳುತ್ತವೆ ಅನ್ನುತ್ತಿದ್ದಳು. ಅವ್ವ ಹೋದ ಮೇಲೆ ತಮ್ಮ ಅದನ್ನು ಬಿಡದೆ ನಡೆಸಿಕೊಂಡು ಬಂದಿದ್ದ. ಪ್ರತಿ ವರ್ಷ ತಾನೇ ಒಂದು ಕವರಿನಲ್ಲಿ ಕಾಳು ಹಾಕಿ ನನ್ನ ಕೈಗೆ ಕೊಡುತ್ತಿದ್ದ.

ಆ ವರ್ಷ ನಾನು ಹೋಗುವ ಹೊತ್ತಿಗೆ ಅವನು ಟ್ರ್ಯಾಕ್ಟರ್ ಬಿಟ್ಟುಬರಲು ಹೋಗಿದ್ದ. ನಾದಿನಿ ಹೊಲದಲ್ಲೇ ಇದ್ದಳು. ಕೊನೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಜಗುಲಿಯ ಮೇಲೆ ಬುಟ್ಟಿಯಲ್ಲಿ ಮಿಕ್ಕ ಕಾಳಿತ್ತು, ಕೆಂಪಗೆ ಹೊಳೆಯುತ್ತಿತ್ತು. ನನ್ನ ಪಾಲು ನಾನು ತೆಗೆದುಕೊಳ್ಳುವುದಕ್ಕೆ ಯಾರನ್ನು ಕೇಳಬೇಕು? ಚೀಲಕ್ಕೆ ಸುರಿದುಕೊಂಡು ಬಸ್ ಹತ್ತಿದೆ.

ಬೆಳಿಗ್ಗೆ ಅಡುಗೆಮನೆಯಲ್ಲಿ ಒರಳಿಗೆ ಹಾಕಿ ಬೆಳವದ ಬಾಯಿಗೆ ಆಗುವಷ್ಟು ಸಣ್ಣಗೆ ಕುಟ್ಟುತ್ತಿದ್ದೆ. ಯಜಮಾನರು ಪೇಪರ್ ಮಡಿಸಿ ಮೂಗು ಹಿಡಿದುಕೊಂಡರು.

"ಏನೇ ಅದು, ಒಂಥರಾ ಗಬ್ಬು ವಾಸ್ನೆ?"

"ಗೊಬ್ಬರದ ಚೀಲದ್ದು. ಹಳ್ಳಿ ಕಾಳು ಅಂದ್ರೆ ಅತ್ತರ್ ವಾಸ್ನೆ ಬರುತ್ತಾ? ನಿಮ್ಮ ಮೂಗಿಗೆ ನಾನು ಏನ್ ಮಾಡಿದ್ರೂ ವಾಸ್ನೆಯೇ."

ಅವರು ಮತ್ತೆ ಪೇಪರ್ ಬಿಡಿಸಿಕೊಂಡರು. ಮದುವೆಯಾದಾಗಿನಿಂದ ಅವರ ಬಾಯಿ ಮುಚ್ಚಿಸುವುದು ನನಗೆ ಬಹಳ ಸುಲಭವಾದ ಕೆಲಸ. ನನ್ನ ಬೆರಳ ತುದಿ ಕೆಂಪಾಗಿತ್ತು. ಬೀಜದ ಸಿಪ್ಪೆ ಬಣ್ಣ ಅಂದುಕೊಂಡು ಸೋಪು ಹಚ್ಚಿ ತೊಳೆದೆ. ಅಷ್ಟೆ. ಗೂಡಿಗೆ ಸುರಿದು, ಅವ್ವ ಹೇಳಿದ ಹಾಗೆ ಹಿಂತಿರುಗಿ ನೋಡದೆ ಕೆಳಗಿಳಿದು ಬಂದೆ.

ಹತ್ತು ಗಂಟೆಗೆ ಬಟ್ಟೆ ಒಣಹಾಕಲು ಹೋದಾಗ ಮೊದಲ ಬೆಳವ ಕಂಡಿತು. ಟ್ಯಾಂಕಿನ ಪೈಪಿನ ಹತ್ತಿರ, ಕುತ್ತಿಗೆ ಒಂದು ಕಡೆ ತಿರುಚಿಕೊಂಡು, ಒಂದು ರೆಕ್ಕೆ ಅಗಲಿಸಿ ಬಿದ್ದಿತ್ತು. ಇನ್ನೊಂದು ಗೂಡಿನ ಕೆಳಗಿನ ಮುಳ್ಳಿನಲ್ಲಿ ಸಿಕ್ಕಿತ್ತು. ಮೂರನೆಯದು ಇನ್ನೂ ಬದುಕಿತ್ತು. ನನ್ನ ಅಂಗೈಯಲ್ಲಿ ಎತ್ತಿಕೊಂಡೆ, ಬೆಚ್ಚಗಿತ್ತು, ಬಾಯಿ ತೆರೆದು ಮುಚ್ಚುತ್ತಿತ್ತು. ನೀರು ಬಿಟ್ಟೆ, ಒಳಗೆ ಹೋಗಲಿಲ್ಲ. ಕೈಯಲ್ಲೇ ತಣ್ಣಗಾಯಿತು. ಗೋಡೆಯ ಆಚೆ ನೋಡಿದರೆ ಅವಳ ಹಪ್ಪಳದ ಹಾಳೆಯ ಮೇಲೆ ಎರಡು ಬೆಳವ, ಒಂದು ಗುಬ್ಬಿ ಸತ್ತು ಬಿದ್ದಿದ್ದವು.

ಹಾಳೆಯ ಮೇಲೆ ಹಪ್ಪಳವಿರಲಿಲ್ಲ. ಬರೀ ಹಾಳೆ ಹಾಸಿದ್ದಳು. ನನಗೆ ಅಷ್ಟೇ ಸಾಕಾಯಿತು. ಹಪ್ಪಳ ಎತ್ತಿಟ್ಟು ವಿಷ ಹಾಕಿದ್ದಾಳೆ ಅಂತ ತೀರ್ಮಾನ ಮಾಡಿಬಿಟ್ಟೆ. ಮೂವತ್ತಮೂರು ವರ್ಷ ಮಕ್ಕಳ ಪೇಪರ್ ತಿದ್ದಿದವಳು, ಒಂದು ಸಲ ನನ್ನ ಉತ್ತರ ನಾನೇ ತಿದ್ದಿ ನೋಡಲಿಲ್ಲ.

ಸತ್ತ ಹಕ್ಕಿಗಳನ್ನು ಮೊರದಲ್ಲಿ ಹಾಕಿಕೊಂಡು ಬೀದಿಗೆ ಬಂದೆ. ಅವತ್ತು ನಮ್ಮ ಬೀದಿಗೆ ನೀರು ಬಿಡುವ ದಿನ. ಪ್ರತಿ ಮನೆಯ ಮುಂದೆಯೂ ಕೊಡ, ಬಕೆಟ್ಟು, ಹೆಂಗಸರು. ಅವಳೂ ತನ್ನ ಗೇಟಿನ ಮುಂದೆ ಕೊಡ ಹಿಡಿದಿದ್ದಳು. ಮೊರವನ್ನು ಅವಳ ಕಾಲ ಬಳಿ ಇಟ್ಟೆ.

"ತಗೋ, ನಿನ್ನ ಕೈಚಳಕ. ಇದರಲ್ಲೇ ಹಪ್ಪಳ ಮಾಡು."

ಅವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ಅಯ್ಯೋ, ನಾನಲ್ಲ ಟೀಚರೇ. ಬಾಯ್ಮಾತಿಗೆ ಅಂದಿದ್ದು ಅದು. ನನ್ ಮಕ್ಳಾಣೆ, ನಾನು ಏನೂ ಹಾಕಿಲ್ಲ."

"ಮಕ್ಕಳ ಮೇಲೆ ಸುಳ್ಳು ಆಣೆ ಬೇರೆ! ಹಕ್ಕಿಗೆ ವಿಷ ಹಾಕಿದ ಕೈ ನಾಳೆ ಹಿಟ್ಟಿಗೆ ಏನು ಹಾಕುತ್ತೋ ಯಾರಿಗೆ ಗೊತ್ತು? ಕೇಳ್ಕೊಳ್ಳಿ ಎಲ್ಲಾ, ಇವಳ ಹಪ್ಪಳ ತಿನ್ನೋರು ನೋಡ್ಕೊಂಡು ತಿನ್ನಿ!"

ಹೀಗೆಂದೆ. ನನ್ನ ಬಾಯಿಗೆ ಮಣ್ಣು ಹಾಕ, ಇಷ್ಟೂ ಅಂದೆ. ಕ್ಲಾಸಿನ ಕೊನೆಯ ಬೆಂಚಿಗೆ ಕೇಳುವ ಗಂಟಲು ನನ್ನದು, ಬೀದಿಯ ಎರಡೂ ತುದಿಗೆ ಕೇಳಿಸಿತು. ನಲ್ಲಿಯ ಕೊಡ ತುಂಬಿ ಚೆಲ್ಲುತ್ತಿತ್ತು, ಯಾರೂ ತಿರುಗಿಸಲಿಲ್ಲ. ಅವಳು ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದಳು. ನನಗೆ ಗೆದ್ದ ಹಾಗಾಯಿತು.

ಹಕ್ಕಿಗಳನ್ನು ಹಿತ್ತಲಲ್ಲಿ ಹೂತೆ. ಅವಳು ಏನು ಹಾಕಿದ್ದಾಳೋ ಎಂಬ ಅನುಮಾನಕ್ಕೆ ಗೂಡಿನಲ್ಲಿದ್ದ ಕಾಳನ್ನೂ ತಾರಸಿಯ ಮೇಲೆಯೇ ಬಿಟ್ಟಿದ್ದ ಚೀಲದಲ್ಲಿ ಉಳಿದದ್ದನ್ನೂ ಅದೇ ಗುಂಡಿಗೆ ಸುರಿದು ಮಣ್ಣು ಎಳೆದೆ. ತವರಿಂದ ತಂದಾಗಲೇ ಕಾಳಿನಲ್ಲಿ ಏನಾದರೂ ಇದ್ದಿರಬಹುದು ಅಂತ ನನಗೆ ಒಂದು ಚೂರೂ ಸಂಶಯ ಬರಲಿಲ್ಲ. ಅವ್ವನ ಕಾಲದಿಂದ ಬಂದ ಕಾಳು ಅದು.

ಆಮೇಲಿನ ದಿನಗಳಲ್ಲಿ ಪಕ್ಕದ ತಾರಸಿಯ ಹಾಳೆ ಚಿಕ್ಕದಾಗುತ್ತಾ ಬಂತು. ಶ್ರಾವಣದ ಒಂದು ಮದುವೆಗೆ ಹೇಳಿದ್ದವರು ಬೇಡ ಅಂದರಂತೆ. ಕೊರಟಗೆರೆಯ ಹೋಟೆಲಿನವರಿಗೆ ಯಾರೋ ಸುದ್ದಿ ಮುಟ್ಟಿಸಿದರಂತೆ. ಬೀದಿಯವರು ಪೂರ್ತಿ ಬಿಡಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದರು. ಒಂದು ದಿನ ನಾನು ಗೇಟಿನಲ್ಲಿ ನಿಂತು ಕಣ್ಣಾರೆ ಕಂಡೆ. ಮೂಲೆ ಮನೆಯ ಹೆಂಗಸು ಹಪ್ಪಳದ ಕಟ್ಟು ಕೈಗೆ ತೆಗೆದುಕೊಂಡು ಹಲ್ಲು ಕಿರಿದಳು. "ಬೇಜಾರ್ ಮಾಡ್ಕಬ್ಯಾಡ ಕಣಮ್ಮ, ತಮಾಷೆಗೆ. ಮೊದ್ಲು ನೀನು ಒಂದು ತಿಂದು ತೋರ್ಸು." ಪಕ್ಕದ ಮನೆಯವಳು ಕಟ್ಟು ಬಿಚ್ಚಿ, ಒಂದು ಹಸಿ ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡು ಅಗಿದಳು. ಅವಳು ನುಂಗುವ ತನಕ ಇನ್ನೊಬ್ಬಳು ನಿಂತು ನೋಡಿದಳು. ನಾನೂ ನೋಡಿದೆ. ನೋಡಿ, ಆಗಬೇಕಾದದ್ದೇ ಅಂದುಕೊಂಡು ಒಳಗೆ ಹೋಗಿ ಕಾಫಿ ಕುಡಿದೆ. ಈಗ ನೆನೆಸಿಕೊಂಡರೆ ಆ ಕಾಫಿ ಲೋಟವನ್ನು ನನ್ನ ಹಣೆಗೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎರಡು ವಾರ ಕಳೆದಿರಬೇಕು. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ತಮ್ಮನ ಫೋನು. ಕೈ ಎಂಜಲಾಗಿತ್ತು, ಸ್ಪೀಕರಿಗೆ ಹಾಕಿದೆ.

"ಅಕ್ಕ, ಜಗುಲಿ ಮ್ಯಾಲೆ ಬುಟ್ಟೀಲಿ ಬಿತ್ತನೆ ಕಾಳು ಮಿಕ್ಕಿತ್ತು, ನೀನೇನಾದ್ರೂ ತಕಂಡೋದ್ಯಾ? ಸಾಲ್ನಾಗೆ ಅಲ್ಲಲ್ಲಿ ಮೊಳಕೆ ಬಂದಿಲ್ಲ, ತುಂಬಿಸ್ಬೇಕು. ಇವಳು ಎತ್ತಿಟ್ಟವಳೆ ಅಂತ ನಾನು, ನಾನು ಎತ್ತಿಟ್ಟಿವ್ನಿ ಅಂತ ಇವಳು."

"ನಾನೇ ತಂದೆ ಕಣೋ. ಹಕ್ಕಿ ಪಾಲು ಅಲ್ವಾ?"



"ಅಯ್ಯೋ, ಅದು ಔಷಧಿ ಬೆರೆಸಿದ್ದು ಕಣಕ್ಕ! ಈಗೆಲ್ಲಾ ಔಷಧಿ ಹಚ್ದೆ ಯಾರು ಬಿತ್ತವ್ರೆ? ಹುಳ ತಿಂದಾಕ್ಬುಡ್ತವೆ. ನಿನ್ ಪಾಲು ಔಷಧಿ ಹಾಕಕ್ಕೆ ಮುಂಚೇನೇ ಕವರ್ನಾಗೆ ಎತ್ತಿ ಅಟ್ಟದ್ ಮ್ಯಾಲೆ ಮಡಗಿದ್ನಲ್ಲ, ವರ್ಸಾ ವರ್ಸಾ ಅಂಗೇ ತಾನೆ ನಾನು ಮಾಡದು? ಅದು ಇನ್ನೂ ಅಲ್ಲೇ ಅದೆ. ಹಕ್ಕೀಗೆ ಹಾಕ್ಬುಟ್ಯಾ? ಏನಾದ್ರೂ ಆಯ್ತಾ?"

"ಇಲ್ಲ" ಅಂದೆ. "ಹಾಕಿಲ್ಲ. ಮಣ್ಣಲ್ಲಿ ಹೂತಿದೀನಿ."

ಫೋನು ಇಟ್ಟೆ. ನನ್ನ ತಮ್ಮ ವರ್ಷ ವರ್ಷ ನನಗಾಗಿ ಬೇರೆ ಕಾಳು ಎತ್ತಿಡುತ್ತಿದ್ದ, ನನಗೆ ಅದು ಗೊತ್ತೇ ಇರಲಿಲ್ಲ. ಅವನು ಯಾವತ್ತೂ ಹೇಳಲಿಲ್ಲ, ನಾನು ಯಾವತ್ತೂ ಕೇಳಲಿಲ್ಲ. ಮೊದಲು ಅವನ ಮೇಲೆ ಕೋಪ ಬಂತು. ಬುಟ್ಟಿಯ ಮೇಲೆ ಒಂದು ಚೀಟಿ ಬರೆದು ಇಡಬಾರದಿತ್ತಾ? ಔಷಧಿ ಮಾರುವವರ ಮೇಲೆ ಕೋಪ ಬಂತು. ಕೆಂಪು ಕಾಳಿಗೆ ಕೆಂಪು ಔಷಧಿ, ಯಾವ ತಲೆ ಇಲ್ಲದವನ ಬುದ್ಧಿ? ಹೀಗೆ ಒಬ್ಬೊಬ್ಬರನ್ನೇ ಬೈದುಕೊಂಡು ಬಂದೆ. ಕೊನೆಗೆ ಬೈಯಲು ಯಾರೂ ಉಳಿಯಲಿಲ್ಲ. ತಟ್ಟೆಯಲ್ಲಿ ಮುದ್ದೆ ಆರಿ ಹೋಗಿತ್ತು.

ಯಜಮಾನರು ಎಲ್ಲ ಕೇಳಿಸಿಕೊಂಡಿದ್ದರು. ನಾನು ಅವರ ಮುಖ ನೋಡಲಿಲ್ಲ. ವಾಸನೆ ಬರುತ್ತಿದೆ ಅಂತ ಹೇಳಿದ್ದೆನಲ್ಲ ಅಂತ ಅವರು ಒಂದು ಮಾತು ಅಂದಿದ್ದರೆ ಜಗಳವಾದರೂ ಆಡುತ್ತಿದ್ದೆ. ಅನ್ನಲಿಲ್ಲ. ಮೂರು ದಿನ ಸುಮ್ಮನಿದ್ದರು. ಆ ಮೂರು ದಿನ ನಾನು ತಾರಸಿ ಹತ್ತಲಿಲ್ಲ, ಗೇಟಿನ ಹೊರಗೆ ಕಾಲಿಡಲಿಲ್ಲ. ಗೊತ್ತಿಲ್ಲದೆ ಮಾಡಿದ್ದಕ್ಕೆ ಕ್ಷಮೆ ಇರಬಹುದೇನೋ. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಮೂರು ದಿನ ಅನ್ನ ತಿಂದೆನಲ್ಲ, ಅದನ್ನು ನಾನು ಇಲ್ಲಿ ಬರೆಯದಿದ್ದರೆ ಇಷ್ಟು ಬರೆದದ್ದೂ ದಂಡ. ನಾಲ್ಕನೆಯ ದಿನ ಬೆಳಿಗ್ಗೆ ಅವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತರು.

"ನೀರು ಬಂದಿದೆ. ಎಲ್ಲಾರೂ ಹೊರಗಿದಾರೆ. ನೀನು ಹೋಗಿ ಹೇಳ್ತೀಯಾ, ನಾನು ಹೇಳ್ಲಾ?"

ಹೋದೆ. ಅದೇ ಜಾಗ, ಅದೇ ಕೊಡಗಳು, ಅವಳೂ ಅವಳ ಗೇಟಿನಲ್ಲೇ ಇದ್ದಳು. ಯಾವ ಗಂಟಲಲ್ಲಿ ಸುಳ್ಳು ಕೂಗಿದ್ದೆನೋ ಅದೇ ಗಂಟಲಲ್ಲಿ ಕೂಗಿದೆ. ವಿಷ ಹಾಕಿದವಳು ಇವಳಲ್ಲ, ನಾನು. ನಮ್ಮ ತಮ್ಮನ ಮನೆಯ ಔಷಧಿ ಹಚ್ಚಿದ ಬಿತ್ತನೆ ಕಾಳನ್ನು ನೋಡದೆ, ಕೇಳದೆ ಕುಟ್ಟಿ ಹಾಕಿದೆ. ಹಕ್ಕಿ ಕೊಂದವಳು ನಾನು, ಇವಳ ಹೆಸರು ಕೆಡಿಸಿದವಳೂ ನಾನು. ಇವಳ ಹಪ್ಪಳಕ್ಕೆ ಯಾರೂ ಬೆರಳು ತೋರಿಸಬೇಡಿ.

ಎಲ್ಲರೂ ಕೇಳಿದರು. ಮೂಲೆ ಮನೆಯ ಹೆಂಗಸು ಹತ್ತಿರ ಬಂದು ನನ್ನ ತೋಳು ಸವರಿದಳು.

"ಎಷ್ಟ್ ದೊಡ್ಡ ಮನಸ್ಸು ಟೀಚರಮ್ಮ ನಿಮ್ದು! ಅವಳ ಯಾಪಾರ ನಿಂತೋಯ್ತು ಅಂತ ನಿಮ್ ಮ್ಯಾಲೆ ಹಾಕ್ಕಂತಿದೀರ. ನಿಮ್ಮಂತೋರು ಸಿಕ್ಕಲ್ಲ ಬುಡಿ."

"ದೊಡ್ಡ ಮನಸ್ಸಲ್ಲ ಕಣ್ರೀ! ನಾನೇ ಹಾಕಿದ್ದು! ನನ್ನ ಕೈಯಾರೆ!"

"ಆಯ್ತು ಬುಡಿ, ಆಯ್ತು ಬುಡಿ. ಬಿಪಿ ಏರಿಸ್ಕಬ್ಯಾಡಿ."

ಇನ್ನಿಬ್ಬರು ತಲೆ ಆಡಿಸಿದರು. ಒಬ್ಬಳು ನನಗೆ ಕೈ ಕೂಡ ಮುಗಿದಳು. ಥೂ! ಸುಳ್ಳು ಹೇಳಿದ ದಿನ ಒಂದೇ ಏಟಿಗೆ ನಂಬಿದ ಬೀದಿ, ನಿಜ ಹೇಳಿದ ದಿನ ನನ್ನನ್ನು ದೇವತೆ ಮಾಡಿ ಕೂರಿಸಿತು. ನನ್ನ ಹೆಸರು ಇನ್ನಷ್ಟು ಮೇಲಕ್ಕೆ ಹೋಯಿತು, ಅವಳ ಹೆಸರು ಬಿದ್ದಲ್ಲೇ ಬಿದ್ದಿತ್ತು. ಆ ಹೊತ್ತು ನನಗೆ ಬಂದ ಸಿಟ್ಟು ನನ್ನ ಜನ್ಮದಲ್ಲಿ ಬಂದಿರಲಿಲ್ಲ. ನಲ್ಲಿಯ ಕೆಳಗಿದ್ದ ನಮ್ಮದೇ ಬಕೆಟ್ಟಿಗೆ ಒದ್ದೆ. ಕಾಲ ಹೆಬ್ಬೆರಳು ಊದಿಕೊಂಡಿತು, ಅಷ್ಟೇ ಲಾಭ.

ಅವಳು ಎಲ್ಲವನ್ನೂ ನೋಡುತ್ತಾ ನಿಂತಿದ್ದಳು. ನಾನು ಅವಳ ಹತ್ತಿರ ಹೋಗಿ, "ತಪ್ಪಾಯ್ತು ಕಣಮ್ಮ" ಅಂದೆ. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಅವತ್ತು ಹಾಳೆ ಖಾಲಿ ಇತ್ತಲ್ಲ ಟೀಚರೇ, ಯಾಕೆ ಗೊತ್ತಾ? ನಿಮ್ ಕೂಡೆ ಜಗ್ಳ ಆಡಿ ನಂಗೂ ಬ್ಯಾಸ್ರ ಆಗಿತ್ತು. ತಂತಿ ಬಿಚ್ಚಿ ಆ ಕಡೀಕೆ ಕಟ್ಟಾನ ಅಂತ ಹಪ್ಳ ಎತ್ತಿಟ್ಟಿದ್ದೆ."

ಅಷ್ಟು ಹೇಳಿ ಗೇಟು ಹಾಕಿಕೊಂಡಳು.

ಅವಳ ಗಂಡನ ಕೈಯಿಂದ ಹಪ್ಪಳದ ಕಟ್ಟು ಇಸಿದುಕೊಂಡು, ನಾನೇ ಹೊತ್ತು ಕೊರಟಗೆರೆಗೆ ಹೋದೆ, ಬಿಡಲಿಲ್ಲ. ಹೋಟೆಲಿನ ಗಲ್ಲಾದಲ್ಲಿ ಕೂತವನ ಮುಂದೆ ಇಡೀ ಕಥೆ ಹೇಳಿದೆ. ಅವನು ನನ್ನ ಹಳೆಯ ವಿದ್ಯಾರ್ಥಿಯ ಅಣ್ಣ ಅಂತ ಗೊತ್ತಾಗಿ, ಗದರಿಸಿ ಮತ್ತೆ ತರಿಸಿಕೊಳ್ಳುವ ಹಾಗೆ ಮಾಡಿದೆ. ಪಾವಗಡದ ಒಂದು ಛತ್ರಕ್ಕೂ ಹೇಳಿಸಿದೆ. ವ್ಯಾಪಾರ ಅರ್ಧ ವಾಪಸು ಬಂತು. ನಮ್ಮ ಬೀದಿ ಮಾತ್ರ ಬದಲಾಗಲಿಲ್ಲ. ಹಪ್ಪಳ ಕೊಳ್ಳಲು ಬಂದವರು ಈಗಲೂ ನಗುತ್ತಾ, "ಒಂದು ತಿಂದು ತೋರ್ಸಮ್ಮ" ಅನ್ನುತ್ತಾರೆ. ಅದೊಂದು ಅಭ್ಯಾಸವಾಗಿ ಹೋಗಿದೆ. ಯಾಕೆ ಶುರುವಾಯಿತು ಅಂತ ಅವರಿಗೇ ಮರೆತಿರಬಹುದು. ಅವಳು ಒಂದು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾಳೆ. ನಾನು ಗೇಟಿನಲ್ಲಿದ್ದರೆ ಜಗಳಕ್ಕೆ ಹೋಗುತ್ತೇನೆ. ಹೋದಷ್ಟೂ ಅವರು ಟೀಚರಮ್ಮನ ದೊಡ್ಡ ಮನಸ್ಸನ್ನು ಹೊಗಳುತ್ತಾರೆ.

ತಗಡಿನ ಗೂಡನ್ನು ಮೂರು ಸಲ ಸೋಪಿನಲ್ಲಿ, ಮೂರು ಸಲ ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿದ್ದೆ. ದಸರಾ ಕಳೆಯಿತು. ಕಡ್ಲೆಕಾಯಿ ಕಿತ್ತರು. ಬೆಳವಗಳು ಬೆಳಿಗ್ಗೆ ಏಳಕ್ಕೆ ಬಂದು ಖಾಲಿ ಕೊಕ್ಕೆಯ ಸುತ್ತ ಕೂತು ಹೋಗುತ್ತಿದ್ದವು. ಉಳಿದವು ಯಾವುವು, ಹೊಸವು ಯಾವುವು ಅಂತ ನನಗೆ ಗುರುತಿಲ್ಲ. ಅವುಗಳನ್ನು ನೋಡಲು ನನಗೆ ಮುಖವೂ ಇರಲಿಲ್ಲ.

ಒಂದು ದಿನ ಒಣಗಿದ ಬಟ್ಟೆ ಎತ್ತುತ್ತಿದ್ದಾಗ ಗೋಡೆಯ ಆಚೆಯಿಂದ ಅವಳ ದನಿ ಬಂತು. ಮೂರು ತಿಂಗಳಲ್ಲಿ ಅವಳೇ ಆಗಿ ಆಡಿದ ಮೊದಲ ಮಾತು.

"ಗೂಡು ಯಾಕೆ ಬೋರ್ಲಾಕಿದೀರ?"

"ಹೆದರಿಕೆ ಆಗುತ್ತೆ ಕಣಮ್ಮ."

"ನಿಮ್ ಹೆದ್ರಿಕೇಗೆ ಅವು ಉಪಾಸ ಇರ್ಬೇಕಾ? ಹಾಕಿ. ನಾನು ತಂತಿ ಆ ಕಡೀಕೆ ಕಟ್ಟಿದೀನಿ."

ಮಾರನೆಯ ಬೆಳಿಗ್ಗೆ ಅಂಗಡಿಯಿಂದ ತಂದ ನವಣೆಯನ್ನು ಮೊರದಲ್ಲಿ ಕೇರಿ, ಬೆಳಕಿಗೆ ಹಿಡಿದು, ಮೂಸಿ ನೋಡಿ ತಾರಸಿಗೆ ತಂದೆ. ಗೂಡನ್ನು ಕೊಕ್ಕೆಗೆ ಹಾಕಿದೆ. ಮುಚ್ಚಳ ತೆಗೆದು ಬಟ್ಟಲು ಬಗ್ಗಿಸಬೇಕು, ಆ ಕಡೆಯಿಂದ ಅವಳು, "ನಿಲ್ಲಿ" ಅಂದಳು. ಗೋಡೆಗೆ ಮೊಣಕೈ ಊರಿ ನಿಂತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು. ಮುಖದಲ್ಲಿ ನಗುವಿರಲಿಲ್ಲ.

"ಮೊದ್ಲು ನೀವು ಒಂದು ತಿಂದು ತೋರ್ಸಿ."

ಒಂದು ಚಿಟಿಕೆ ನವಣೆ ಬಾಯಿಗೆ ಹಾಕಿಕೊಂಡೆ. ಒಣ ಕಾಳು, ಹೊಟ್ಟಿನ ಸಮೇತ. ಹಲ್ಲಿಗೆ ಸಿಕ್ಕಿ ಕರಕರ ಅಂದಿತು, ಗಂಟಲಿಗೆ ಹತ್ತಿತು. ಅವಳು ಕಣ್ಣು ತೆಗೆಯದೆ ನೋಡುತ್ತಿದ್ದಳು. ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಟ್ಟ ದಿನ ನಾನು ಒಂದೊಂದು ಮಗುವಿನ ಬಾಯಿ ತೆರೆಸಿ ನುಂಗಿದೆಯಾ ಅಂತ ನೋಡುತ್ತಿದ್ದೆ. ಹಾಗೆಯೇ ಬಾಯಿ ಅಗಲವಾಗಿ ತೆರೆದು ಅವಳಿಗೆ ತೋರಿಸಿದೆ.

"ಊಂ, ಹಾಕಿ" ಅಂದಳು. ಹಾಕಿದೆ. ಅವಳು ತಿರುಗಿ ತನ್ನ ಹಾಳೆಯ ಕಡೆ ಹೋದಳು.

ಈವತ್ತಿಗೂ ಹಾಗೆಯೇ ನಡೆದಿದೆ. ಅವಳು ಕೆಲವು ದಿನ ತಾರಸಿಯಲ್ಲಿರುವುದಿಲ್ಲ, ಕೆಲವು ದಿನ ಇದ್ದರೂ ನನ್ನ ಕಡೆ ನೋಡುವುದಿಲ್ಲ. ನಾನು ಮಾತ್ರ ಮೊದಲು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಪಕ್ಕದ ತಾರಸಿಯ ಕಡೆ ತಿರುಗಿ ಬಾಯಿ ತೆರೆದು ತೋರಿಸಿ, ಆಮೇಲೆ ಗೂಡಿನ ಮುಚ್ಚಳ ತೆಗೆಯುತ್ತೇನೆ.